ಜಲ್ಲಿ ದಾರಿಯಲ್ಲಿ ಕೂಗದ ಮಾತು

ಸ್ಯಾನ್ ಹೊಸೆ

ಅಮೆರಿಕದಿಂದ ಮಂಡ್ಯಕ್ಕೆ ಮರಳಿದ ಮೇಲೆ ನಮ್ಮ ಬೀದಿಯವರೆಲ್ಲ ಮೊದಲು ಕೇಳಿದ್ದು ಸಿನಿಮಾಗಳಲ್ಲಿ ಕಾಣುವ ಅಲ್ಲಿನ ಕೆಂಪು ಸೇತುವೆಯ ಬಗ್ಗೆ. ನೋಡಿದೆ. ನಾವು ಹೋದ ದಿನ ಮಂಜು ಕವಿದು ಎರಡು ಕಂಬಗಳ ತುದಿ ಮಾತ್ರ ಕಾಣುತ್ತಿತ್ತು. ಬೇಸಿಗೆಯಲ್ಲೂ ಅಲ್ಲಿ ಹಲ್ಲು ಕಟಕಟ ಅನ್ನಿಸುವ ಚಳಿ. ಕಾರಿನೊಳಗೇ ಕೂತು ನೋಡಿ, ಫ್ಲಾಸ್ಕಿನ ಕಾಫಿ ಕುಡಿದು ವಾಪಸಾದೆವು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಸೇತುವೆಯಲ್ಲ, ಒಂದು ಕೆರೆ. ಲಾಸ್ ಗ್ಯಾಟೋಸ್ ಎಂಬ ಪುಟ್ಟ ಊರು ದಾಟಿದರೆ ಬೆಟ್ಟದ ಬುಡದಲ್ಲಿ ಸಿಗುತ್ತದೆ. ಸುತ್ತಲಿನ ಕಾಡನ್ನು ಹಕ್ಕಿಗಳಿಗೆಂದೇ ಕಾಯ್ದಿಟ್ಟಿದ್ದಾರೆ. ಕೆರೆಯ ಹೆಸರು ಹೇಳುವುದಿಲ್ಲ. ಅಲ್ಲಿ ದಿನವೂ ನಡೆದಾಡುವ ಒಬ್ಬ ಹೆಂಗಸಿನ ವಿಷಯ ಬರೆಯಬೇಕಾಗಿದೆ, ಆಕೆಗೆ ನಾವು ಮಾಡಿದ್ದು ಸಾಕು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮಂಡ್ಯದವರನ್ನು ಬೊಂಬಾಯಿ, ಮದ್ರಾಸುಗಳಿಗೆ ಜೋಡಿಸಿ ಜೋಡಿಸಿ ಅರ್ಧ ಆಯಸ್ಸು ಕಳೆದೆ. ಆ ಕೆಲಸದಿಂದ ನನಗೆ ಒಂದು ತರಹದ ಇಂಗ್ಲಿಷ್ ಬಂತು. ಕೇಳಿದರೆ ಎಲ್ಲ ತಿಳಿಯುತ್ತದೆ. ಮಾತಾಡಲು ಹೋದರೆ "ಹೋಲ್ಡ್ ಆನ್ ಪ್ಲೀಸ್" ಎಂಬಲ್ಲಿಗೇ ನಾಲಿಗೆ ನಿಂತುಬಿಡುತ್ತದೆ. ಎಕ್ಸ್‌ಚೇಂಜಿಗೆ ಯಂತ್ರ ಬಂದು ನಮ್ಮನ್ನೆಲ್ಲ ಬಿಲ್ ಕೌಂಟರಿನಲ್ಲಿ ಕೂರಿಸಿದ ಮೇಲೆ, ಉಳಿದಿದ್ದ ರಜೆಯನ್ನೆಲ್ಲ ಒಟ್ಟುಮಾಡಿ ಸ್ಯಾನ್ ಹೊಸೆಯಲ್ಲಿದ್ದ ತಮ್ಮನ ಮನೆಗೆ ಹೊರಟೆ. ಎರಡು ಸಾವಿರದ ಇಸವಿಯ ಬೇಸಿಗೆ ಅದು.

ತಮ್ಮ ಲೋಕೇಶ ನನಗಿಂತ ತುಂಬಾ ಚಿಕ್ಕವನು. ನಾನೇ ಸೊಂಟದ ಮೇಲೆ ಹೊತ್ತು ತಿರುಗಿದವನು. ಇಂಟರ್ನೆಟ್ಟಿನಲ್ಲಿ ಹೂವು ಮಾರುವ ಒಂದು ಹೊಸ ಕಂಪನಿಯಲ್ಲಿ ಕೆಲಸದಲ್ಲಿದ್ದ. ನನ್ನನ್ನು ಆಫೀಸಿಗೆ ಕರೆದುಕೊಂಡು ಹೋಗಿ ತೋರಿಸಿದ. ಪಿಂಗ್‌ಪಾಂಗ್ ಟೇಬಲ್ ಇತ್ತು, ಚಿಪ್ಸು, ಕೋಕು ಬೇಕಾದಷ್ಟಿದ್ದವು, ಗೋಡೆಗೆ ಒರಗಿಸಿದ ಸೈಕಲ್ಲುಗಳಿದ್ದವು.

"ಹೂವು ಎಲ್ಲೋ?" ಅಂತ ಕೇಳಿದೆ.

"ಹೂವು ನಮ್ಮ ಹತ್ರ ಇರಲ್ಲಕ್ಕ. ಅದು ಬೇರೆಯವರ ಹತ್ರ ಇರುತ್ತೆ," ಅಂದ. ಅವನ ಪಕ್ಕದ ಹುಡುಗರು ನಕ್ಕರು. ಮಾಲೆ ಕಟ್ಟುವವಳ ಹಾಗೆ ಹೂವು ಹುಡುಕಿದೆನಲ್ಲ ಎಂದು ನನಗೆ ನಾಚಿಕೆಯಾಯಿತು.

ಆ ವರ್ಷ ಅಲ್ಲಿ ಎಲ್ಲರೂ ಹೀಗೇ ಮಾತಾಡುತ್ತಿದ್ದರು. ಫ್ರೀವೇ ಪಕ್ಕದ ಬೋರ್ಡುಗಳೆಲ್ಲ ಡಾಟ್ ಕಾಮ್ ಎಂದೇ ಮುಗಿಯುತ್ತಿದ್ದವು. ಶನಿವಾರ ಕನ್ನಡದವರೆಲ್ಲ ಒಂದು ಮನೆಯಲ್ಲಿ ಸೇರಿದರೆ, ಬಿಸಿಬೇಳೆ ಬಾತು ಬಡಿಸಿಕೊಳ್ಳುತ್ತಲೇ "ನಿಮ್ಮದು ಯಾವಾಗ ಪಬ್ಲಿಕ್ ಆಗುತ್ತೆ?" ಎಂದು ಕೇಳುವರು. ನಮ್ಮಲ್ಲಿ ಮಗಳ ಮದುವೆ ಯಾವಾಗ ಎಂದು ಕೇಳುವ ಧಾಟಿಯಲ್ಲಿ. ಕಂಪನಿಯ ಷೇರು ಪೇಟೆಗೆ ಬಂದ ದಿನ ಎಲ್ಲರೂ ಸಾಹುಕಾರರಾಗುತ್ತಾರೆ ಎಂಬ ಲೆಕ್ಕ. ಲೋಕೇಶ ನಗುತ್ತಿದ್ದ, ಆದರೆ ಮನೆಗೆ ಬಂದರೆ ಉಗುರು ಕಚ್ಚುತ್ತ ಕೂರುತ್ತಿದ್ದ. ಅವನ ಗ್ರೀನ್ ಕಾರ್ಡಿನ ಅರ್ಜಿ ಎಲ್ಲೋ ಒಂದು ಸರ್ಕಾರಿ ಮೇಜಿನ ಮೇಲೆ ಕೂತಿತ್ತು. ಅದು ಬರುವವರೆಗೆ ಕೆಮ್ಮಲೂ ಭಯ ಎಂದು ಅವನ ಹೆಂಡತಿ ರೇಖಾ ಹೇಳಿದಳು.

ಕೆರೆಯಲ್ಲಿ ಮೊದಲ ಭಾನುವಾರ

ಆಫೀಸಿನವರನ್ನು ನೋಡಿ ಲೋಕೇಶನಿಗೂ ಸೈಕಲ್ಲಿನ ಹುಚ್ಚು ಹತ್ತಿತ್ತು. ಭಾನುವಾರ ಬೆಳಿಗ್ಗೆ ಕಾರಿನ ಹಿಂದೆ ಮೂರು ಸೈಕಲ್ ಕಟ್ಟಿಕೊಂಡು ಹೊರಟೆವು: ಅವನದು, ಮಗಳು ಅನಘಾಳದು, ನನಗೆ ರೇಖಾಳದು. ಸಣ್ಣವಳಿದ್ದಾಗ ನಾನು ಕೆರೆ ಏರಿಯ ಮೇಲೆ ಸೈಕಲ್ ಕಲಿತವಳು, ಡ್ಯೂಟಿಗೂ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು ಎಂದು ಜಂಬ ಕೊಚ್ಚಿಕೊಂಡಿದ್ದೆ. ಅದೇ ತಪ್ಪಾಯಿತು. ಸೀರೆಯುಟ್ಟು ಬರುವಂತಿಲ್ಲ ಎಂದು ರೇಖಾ ತನ್ನ ಟ್ರ್ಯಾಕ್ ಪ್ಯಾಂಟ್ ತೊಡಿಸಿದಳು. ತುರುಬಿನ ಮೇಲೆ ಹೆಲ್ಮೆಟ್ ಕೂರಲಿಲ್ಲ, ಜಡೆ ಹಾಕಿಕೊಂಡೆ. ಆ ವೇಷದಲ್ಲಿ ಕಾರಿಂದ ಇಳಿಯುವಾಗ ಎದೆಗೆ ಅಡ್ಡವಾಗಿ ಕೈ ಕಟ್ಟಿಕೊಂಡೇ ಇಳಿದೆ. ಲೋಕೇಶನ ಬಿಗಿ ಚಡ್ಡಿಯ ಕಡೆಗಂತೂ ನೋಡಲೇ ಇಲ್ಲ. ಆದರೆ ಅಲ್ಲಿದ್ದವರು ಯಾರೂ ನಮ್ಮನ್ನು ದುರುಗುಟ್ಟಿ ನೋಡಲಿಲ್ಲ. ಎದುರಾದವರೆಲ್ಲ "ಹಾಯ್" ಎಂದು ಮುಂದೆ ಹೋದರು. ಪರಿಚಯವಿಲ್ಲದವರಿಗೆ ಹಾಗೆ ಹೇಳುವುದು, ಹೇಳಿದ ಮೇಲೆ ಯಾವ ಊರು, ಎಷ್ಟು ಮಕ್ಕಳು ಎಂದು ಕೇಳದೇ ಹೊರಟುಹೋಗುವುದು, ಎರಡೂ ನನಗೆ ಹೊಸದು.

ಬೆಟ್ಟಗಳೆಲ್ಲ ಒಣ ರಾಗಿ ಹುಲ್ಲಿನ ಬಣ್ಣದಲ್ಲಿದ್ದವು. ಅಲ್ಲಿ ಬೇಸಿಗೆಯಲ್ಲಿ ಒಂದು ಹನಿ ಮಳೆಯಿಲ್ಲ. ಅದರ ನಡುವೆ ನೀಲಿಗೆ ನೀಲಿ ಕೆರೆ. ಸುತ್ತ ಸಣ್ಣ ಜಲ್ಲಿ ಹರಡಿದ ದಾರಿ, ಗಾಳಿಯಲ್ಲಿ ನೀಲಗಿರಿ ಎಲೆಯ ವಾಸನೆ. ಜಲ್ಲಿಯ ಮೇಲೆ ಚಕ್ರ ಉರುಳಿದರೆ ಹುರಿಗಡಲೆ ಅಗಿದ ಸದ್ದು ಬರುತ್ತಿತ್ತು. ತಿರುವಿನಲ್ಲಿ ಜೋರಾಗಿ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ ಎಂದು ಅನಘಾ ಇಂಗ್ಲಿಷಿನಲ್ಲಿ ಎಚ್ಚರಿಸಿದಳು. ನಾನು ಕನ್ನಡದಲ್ಲಿ ಮಾತಾಡುವುದು, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದು, ನಮ್ಮಿಬ್ಬರದು ಹಾಗೇ ನಡೆಯುತ್ತಿತ್ತು. ಒಂದು ಮಾತೂ ತಪ್ಪಿಹೋಗುತ್ತಿರಲಿಲ್ಲ.

ನಾನು ನಮ್ಮೂರಿನ ರೂಢಿಯಂತೆ ದಾರಿಯ ಎಡಗಡೆಗೇ ಹೋಗುತ್ತಿದ್ದೆ. ಹಿಂದಿನಿಂದ ಯಾರೋ "ಆನ್ ಯುವರ್ ಲೆಫ್ಟ್" ಎಂದು ಕೂಗಿದರು. ಎಡಕ್ಕೆ ಹೋಗು ಎಂದು ಹೇಳಿದರೆಂದುಕೊಂಡು ಇನ್ನೂ ಎಡಕ್ಕೆ ಎಳೆದೆ. ಹಿಂದೆ ಬಂದವನು ಏನೋ ಅರಚುತ್ತ ನನ್ನ ಪಕ್ಕದಲ್ಲೇ ಸರ್ರನೆ ಹಾದುಹೋದ. ನಾನು ಸೈಕಲ್ ಸಮೇತ ಪೊದೆಯೊಳಗೆ ಬಿದ್ದೆ.

ಕೈ ಕೊಟ್ಟು ಎಬ್ಬಿಸಿದವರು ಒಬ್ಬ ಮುದುಕಿ. ತೆಳ್ಳಗೆ, ಉದ್ದಕ್ಕಿದ್ದರು. ಅಗಲ ಅಂಚಿನ ಟೋಪಿ, ಕುತ್ತಿಗೆಯಲ್ಲಿ ದುರ್ಬೀನು. "ಅದರ ಅರ್ಥ, ನಾನು ನಿಮ್ಮ ಎಡಗಡೆಯಿಂದ ದಾಟಿ ಹೋಗುತ್ತಿದ್ದೇನೆ ಎಂದು. ನೀವು ಬಲಕ್ಕೆ ಇರಬೇಕು. ನಿಮ್ಮ ಪಾಡಿಗೆ ನೀವಿದ್ದರೆ ಸಾಕು," ಎಂದು ಇಂಗ್ಲಿಷಿನಲ್ಲಿ, ನಿಧಾನವಾಗಿ ಬಿಡಿಸಿ ಹೇಳಿದರು. ನಾನು "ಥ್ಯಾಂಕ್ ಯೂ, ಸಾರಿ" ಅಂದೆ. ಅವರು ನಾನು ಬಿದ್ದ ಪೊದೆಯನ್ನು ನೋಡಿ ಮುಖ ಸಿಂಡರಿಸಿ, ಮನೆಗೆ ಹೋಗಿ ಕೈಕಾಲು ಸೋಪು ಹಾಕಿ ತೊಳೆದುಕೊಳ್ಳಿ ಎಂದರು. ಆಮೇಲೆ ದುರ್ಬೀನನ್ನು ನನ್ನ ಕೈಗೆ ಕೊಟ್ಟು ಕೆರೆಯ ನಡುವಿಗೆ ಬೆರಳು ತೋರಿಸಿದರು. ಚೀಲದಂಥ ಕೊಕ್ಕಿನ ಬಿಳಿ ಹೆಜ್ಜಾರ್ಲೆಗಳು ಸಾಲಾಗಿ ತೇಲುತ್ತಿದ್ದವು. ನಮ್ಮ ಮಂಡ್ಯದ ಕಡೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಯ ಹಿತ್ತಲ ಮರದಲ್ಲೇ ಅವು ಗೂಡು ಕಟ್ಟುವುದನ್ನು, ಬಾಣಂತನಕ್ಕೆ ಬಂದ ಮಗಳೆಂದು ಊರಿನವರು ನೋಡಿಕೊಳ್ಳುವುದನ್ನು ಹೇಳಬೇಕೆನಿಸಿತು. ಇಂಗ್ಲಿಷಿನಲ್ಲಿ ಬಾಣಂತನ ಹೇಗೆ ಹೇಳುವುದೋ ತಿಳಿಯದೆ "ಮೈ ಪ್ಲೇಸ್ ಆಲ್ಸೋ" ಎಂದಷ್ಟೇ ಹೇಳಿದೆ. ಅವರು ಬಹಳ ಸಂತೋಷಪಟ್ಟರು.

ಅವರ ಹೆಸರು ಮಾರ್ಗರೆಟ್ ಎಂದಿಟ್ಟುಕೊಳ್ಳಿ. ಆ ಪೊದೆ ಒಂದು ಜಾತಿಯ ತುರಿಕೆ ಗಿಡ. ಕೈಯೆಲ್ಲ ಗುಳ್ಳೆ ಎದ್ದು, ಒಂದು ವಾರ ಗುಲಾಬಿ ಬಣ್ಣದ ಔಷಧ ಬಳಿದುಕೊಂಡು ಕೂತೆ. ಮನೆಗೆ ಬಂದವರಿಗೆಲ್ಲ ಲೋಕೇಶ ನನ್ನ ಎಡದ ಕತೆ ಹೇಳಿ ನಗಿಸಿದ.

ಎರಡನೇ ಭಾನುವಾರ

ಗುಳ್ಳೆ ಒಣಗಿದ ಮೇಲೆ ಮತ್ತೆ ಹೋದೆವು. ಈ ಸಲ ನನ್ನ ಕಿವಿ ಆ ಮೂರು ಪದಗಳಿಗೇ ಕಾದು ಕೂತಿತ್ತು. ಹಿಂದೆ ಚಕ್ರದ ಸದ್ದು ಕೇಳಿದರೆ ಸಾಕು, ಬಲಕ್ಕೆ ಅಂಟಿಕೊಳ್ಳುತ್ತಿದ್ದೆ. ಎಲ್ಲರೂ ಕೂಗುತ್ತಿದ್ದರು. ಕೆಲವರು ಹಾಡಿದಂತೆ, ಕೆಲವರು ಬೈದಂತೆ, ಆದರೆ ಕೂಗದೆ ದಾಟಿದವರಿಲ್ಲ.

ಕೆರೆಯ ಆಚೆ ದಡದಲ್ಲಿ ದಾರಿ ಸ್ವಲ್ಪ ಇಳಿಜಾರು. ಅನಘಾ ಮುಂದೆ ಹೋಗಿ ತಿರುವಿನಾಚೆ ಕಾಯುತ್ತಿದ್ದಳು. ಲೋಕೇಶ ನನ್ನ ಮುಂದೆಯೇ ಇದ್ದ. ಕಂಪನಿ ಪಬ್ಲಿಕ್ ಆದ ಮೇಲೆ ಏನೇನು ಮಾಡಬೇಕೆಂದಿದ್ದೇನೆ ಎಂದು ತಲೆ ಹಿಂದಕ್ಕೆ ತಿರುಗಿಸಿ ನನಗೆ ಹೇಳುತ್ತಿದ್ದ.

"ಮುಂದೆ ನೋಡ್ಕೊಂಡು ಓಡ್ಸೋ," ಅಂದೆ.

"ದಾರಿ ಖಾಲಿ ಇದೆ ಬಿಡಕ್ಕ. ಮೈಸೂರಲ್ಲಿ ಒಂದು ಸೈಟು ತಗೊಂಡು..."

ಖಾಲಿ ಇರಲಿಲ್ಲ. ಬಲ ಅಂಚಿನಲ್ಲಿ ಮಾರ್ಗರೆಟ್ ನಡೆದು ಹೋಗುತ್ತಿದ್ದರು. ಅದೇ ಟೋಪಿ. ಕೆರೆಯ ಕಡೆ ಏನನ್ನೋ ಕಂಡು, ದುರ್ಬೀನು ಎತ್ತಿ ಒಂದು ಹೆಜ್ಜೆ ಎಡಕ್ಕೆ ಇಟ್ಟರು. ಲೋಕೇಶನ ಹ್ಯಾಂಡಲ್ಲು ಅವರ ಮೊಣಕೈಗೆ ಬಡಿಯಿತು. ಅವರು ಕೈ ಊರಿಕೊಂಡು ಜಲ್ಲಿಯ ಮೇಲೆ ಬಿದ್ದರು. ಲೋಕೇಶನೂ ಮುಂದೆ ಹೋಗಿ ಬಿದ್ದು, ಧೂಳು ಕೊಡವಿಕೊಂಡು ಎದ್ದ. ಅವರು ಏಳಲಿಲ್ಲ. ಕೈಮಣಿಕಟ್ಟು ಸೊಟ್ಟಗೆ ತಿರುಗಿತ್ತು.

ನಾನು ಅವರ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ದಾರಿಹೋಕರೊಬ್ಬರು ಸೆಲ್ ಫೋನಿನಲ್ಲಿ ಕರೆ ಮಾಡಿದರು. ಸ್ವಲ್ಪ ಹೊತ್ತಿಗೆ ಖಾಕಿ ಅಂಗಿ, ಟೋಪಿ ಹಾಕಿದ ಒಬ್ಬ ಹೆಂಗಸು ಜೀಪಿನಲ್ಲಿ ಬಂದರು. ಆ ಕಾಡಿನ ರೇಂಜರ್. ಮಾರ್ಗರೆಟ್ ಅವರನ್ನು ಆಕೆ ಹೆಸರು ಹಿಡಿದೇ ಮಾತಾಡಿಸಿ, ಕೈಗೆ ಪಟ್ಟಿ ಕಟ್ಟಿದರು. ಆಮೇಲೆ ಲೋಕೇಶನ ಕಡೆ ತಿರುಗಿದರು.

"ದಾಟುವ ಮೊದಲು ಕೂಗಿದಿರಾ?"

"ಕೂಗಿದೆ. ಅವರು ಎಡಕ್ಕೆ ಬಂದುಬಿಟ್ಟರು," ಅಂದ ಲೋಕೇಶ. ತಡವರಿಸದೆ ಅಂದ.

ಮಾರ್ಗರೆಟ್ ಹುಬ್ಬು ಗಂಟಿಕ್ಕಿದರು. "ಯಾರೋ ಮಾತಾಡುವುದು ಕೇಳಿಸಿತು. ಯಾವುದೋ ಭಾಷೆ. ಆನ್ ಯುವರ್ ಲೆಫ್ಟ್ ಕೇಳಿಸಲಿಲ್ಲ."

ರೇಂಜರ್ ನನ್ನನ್ನು ನೋಡಿದರು. "ನೀವು ಹಿಂದೆ ಇದ್ದಿರಾ? ಇವರು ಕೂಗಿದ್ದು ಕೇಳಿಸಿತೇ?"

ಪ್ರಶ್ನೆ ನನಗೆ ಸ್ಪಷ್ಟವಾಗಿ ಅರ್ಥವಾಯಿತು. ಉತ್ತರಕ್ಕೆ "ನೋ" ಎಂಬ ಒಂದೇ ಅಕ್ಷರ ಸಾಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಲೋಕೇಶ ಅಡ್ಡ ಬಂದ. "ನಮ್ಮಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ, ನಾನು ಕೇಳಿ ಹೇಳುತ್ತೇನೆ," ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗಿದ. ಅವನ ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ನಾನು ಕೂಗ್ದೆ ಅಂತ ಹೇಳು. ಇಲ್ಲಿ ಕೇಸ್ ಗೀಸ್ ಆದ್ರೆ ಗ್ರೀನ್ ಕಾರ್ಡು ಹೋಗುತ್ತೆ. ನಮ್ಮ ಸಂಸಾರ ಬೀದಿಗೆ ಬೀಳುತ್ತೆ ಕಣೆ."

"ನೀನು ಕೂಗಲಿಲ್ಲವಲ್ಲೋ ಲೋಕಿ," ಅಂದೆ. "ನನ್ನ ಹತ್ರ ಸೈಟಿನ ವಿಷಯ ಮಾತಾಡ್ತಿದ್ದೆ."

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ರೇಂಜರ್ ಕಡೆ ತಿರುಗಿ, "ಕೇಳಿಸಿತಂತೆ. ಸ್ಪಷ್ಟವಾಗಿ ಕೇಳಿಸಿತಂತೆ," ಅಂದ.

ಆಗಲೂ ಹೊತ್ತು ಮೀರಿರಲಿಲ್ಲ. ಮಾರ್ಗರೆಟ್ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಣ್ಣು ತಗ್ಗಿಸಿ ಜಲ್ಲಿಯನ್ನು ನೋಡಿದೆ. ನಾನು ಸುಳ್ಳು ಹೇಳಲಿಲ್ಲವಲ್ಲ, ನಿಜವನ್ನೇ ಹೇಳಿದೆನಲ್ಲ, ಕನ್ನಡದಲ್ಲಿ ಹೇಳಿದೆ ಅಷ್ಟೆ ಎಂದು ಮನಸ್ಸು ಆ ಕ್ಷಣದಲ್ಲೇ ಲೆಕ್ಕ ಹಾಕಿತು. ಆ ಜಾಣತನ ನನಗೆ ಎಲ್ಲಿಂದ ಬಂತೋ.

"ಹಾಗಿದ್ದರೆ ತಪ್ಪು ನನ್ನದೇ," ಅಂದರು ಮಾರ್ಗರೆಟ್. "ಕ್ಷಮಿಸಿ. ನಿಮ್ಮ ತಮ್ಮನಿಗೂ ಪೆಟ್ಟಾಯಿತು." ಮುರಿದ ಕೈಯಿಟ್ಟುಕೊಂಡು ಅವರು ನಮ್ಮ ಕ್ಷಮೆ ಕೇಳಿದರು. ನಾನು ಅವರ ಟೋಪಿಯ ಧೂಳು ಕೊಡವಿ ಕೊಟ್ಟೆ.

ತಲೆ ಎತ್ತಿದಾಗ ಅನಘಾ ಸೈಕಲ್ ಹಿಡಿದು ನಿಂತಿದ್ದಳು. ಯಾವಾಗ ಹಿಂದಿರುಗಿ ಬಂದಳೋ ಕಾಣೆ. ಅಪ್ಪ ಕನ್ನಡದಲ್ಲಿ ಹೇಳಿದ್ದು, ನಾನು ಕನ್ನಡದಲ್ಲಿ ಹೇಳಿದ್ದು, ಅಪ್ಪ ಇಂಗ್ಲಿಷಿನಲ್ಲಿ ಹೇಳಿದ್ದು, ಮೂರೂ ಅರ್ಥವಾಗುವ ಇನ್ನೊಂದು ಜೀವ ಆ ಕಾಡಿನಲ್ಲಿ ಅವಳೊಬ್ಬಳೇ.

ಮನೆಯಲ್ಲಿ

ಮನೆಯಲ್ಲಿ ರೇಖಾ ಕೇಳಿದಾಗ, "ಒಬ್ಬ ಅಜ್ಜಿ ಅಡ್ಡ ಬಂದ್ರು, ಪಾಪ ಕಿವಿ ಸರಿ ಕೇಳ್ಸಲ್ಲ," ಎಂದು ಲೋಕೇಶ ಹೇಳಿ ಸ್ನಾನಕ್ಕೆ ಹೋದ. ಕಿವಿಯ ಮಾತು ಅವನು ಹೊಸದಾಗಿ ಸೇರಿಸಿದ್ದು. ಅವರ ಮನೆಯ ಅನ್ನ ತಿನ್ನುತ್ತಿರುವವಳು, ಇನ್ನೆರಡು ವಾರದಲ್ಲಿ ಹೊರಟುಹೋಗುವವಳು, ನನಗೇಕೆ ಎಂದುಕೊಂಡೆ.

ಮಾರನೆಯ ದಿನ ಸಂಜೆ ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅಲ್ಲಿ ಬಟ್ಟೆ ಒಣಗಿಸಲು ಯಂತ್ರವಿದೆ, ಹೊರಗೆ ಹಾಕಿದರೆ ನೆರೆಯವರು ಆಕ್ಷೇಪಿಸುತ್ತಾರೆ. ಆದರೂ ಒಂದೆರಡು ಸೀರೆಯನ್ನು ಬೇಲಿಯ ಮರೆಯಲ್ಲಿ ಹರಡುತ್ತಿದ್ದೆ. ಅನಘಾ ಬಂದು ಪಕ್ಕದಲ್ಲಿ ನಿಂತಳು.

"ಅತ್ತೆ, ಯೂ ಸೆಡ್ ಹಿ ಡಿಡಿಂಟ್," ಅಂದಳು.

ನಾನು ಕ್ಲಿಪ್ಪು ಸಿಕ್ಕಿಸುತ್ತಾ ಇದ್ದೆ.

"ಐ ಹರ್ಡ್ ಯೂ," ಅಂದಳು. ಆಮೇಲೆ ನನಗೆ ಅರ್ಥವಾಗದೇ ಹೋದೀತೆಂಬಂತೆ, ಅಪರೂಪಕ್ಕೆ ಕನ್ನಡಕ್ಕೆ ತಿರುಗಿದಳು. "ನಿಮ್ಗೆ ಇಂಗ್ಲಿಷ್ ಬರತ್ತೆ ಅತ್ತೆ. ನೀವು ಫೋನ್ ಆಫೀಸಲ್ಲಿ ಇದ್ರಿ. ನೀವು ಯಾಕೆ ಹೇಳಿಲ್ಲ?"

ಹತ್ತು ಹನ್ನೊಂದು ವರ್ಷದ ಹುಡುಗಿ. ಬೈದು ಕಳಿಸಬಹುದಿತ್ತು, ದೊಡ್ಡವರ ವಿಷಯ ಎನ್ನಬಹುದಿತ್ತು. ನನಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. "ನಿಮ್ಮಪ್ಪನಿಗೆ ಹೆದರಿಕೆ ಆಗಿತ್ತು ಮಗಾ," ಅಂದೆ.

"ನಿಮ್ಗೆ?"

"ನನಗೂ."

"ಅಜ್ಜಿಗೆ ಕೈ ಬ್ರೇಕ್ ಆಗಿದೆ," ಎಂದು ಹೇಳಿ ಅವಳು ಒಳಗೆ ಹೋದಳು. ಅವಳ ಪಾಲಿಗೆ ಅಷ್ಟೇ ವಿಷಯ.

ಅಮ್ಮನ ಹತ್ತಿರವೂ ಅವಳು ಎಲ್ಲ ಹೇಳಿಬಿಟ್ಟಿದ್ದಳು. ಲೋಕೇಶ ಆಫೀಸಿನಿಂದ ಬಂದಾಗ ರೇಖಾ ಕಾಫಿ ಕೊಡುತ್ತ, "ಅಕ್ಕನ ಹೆಸರಲ್ಲಿ ಹಾಗೆ ಹೇಳಬಾರದಿತ್ತು ನೀವು," ಅಂದಳು. ಅವನು ಲೋಟವನ್ನು ಟಪ್ಪನೆ ಇಟ್ಟ.

"ನಾನೇನು ಕದ್ದು ಹೇಳಲಿಲ್ಲ. ಅಕ್ಕ ಎದುರಿಗೇ ಇದ್ದಳು, ಅಲ್ಲ ಅನ್ನಬಹುದಿತ್ತು. ಈಗ ನಾನೊಬ್ಬನೇ ಕೆಟ್ಟವನು."

ಅವನು ಹೇಳಿದ್ದು ನಿಜವಾಗಿತ್ತು. ಅದಕ್ಕೇ ಇನ್ನೂ ನಾಚಿಕೆಯಾಯಿತು.

"ಲೋಕಿ, ನಾನು ಹೋಗಿ ಆಯಮ್ಮನಿಗೆ ನಿಜ ಹೇಳ್ತೀನಿ," ಅಂದೆ. "ನೀನು ಬಂದ್ರೆ ಒಳ್ಳೇದು."

"ನಿನಗೆ ಇಲ್ಲಿಯ ವಿಷಯ ಗೊತ್ತಿಲ್ಲಕ್ಕ. ಲಾಯರ್ ಇಟ್ರೆ ಗತಿ ಏನು? ವೀಸಾ ಹೋದ್ರೆ ಇವರಿಬ್ಬರನ್ನೂ ಕರ್ಕೊಂಡು ಎಲ್ಲಿಗೆ ಹೋಗ್ಲಿ? ನೀನು ವಿಮಾನ ಹತ್ತಿ ಹೋಗ್ತೀಯ."

"ಹೌದು, ಹತ್ತಿ ಹೋಗ್ತೀನಿ. ಅದಕ್ಕೇ ಹೋಗೋ ಮುಂಚೆ ಹೇಳ್ಬೇಕು."

ಅವನು ಎದ್ದು ಗ್ಯಾರೇಜಿಗೆ ಹೋದ. ಸೈಕಲ್ಲಿನ ಚೈನನ್ನು ಉಜ್ಜುವ ಸದ್ದು ತುಂಬ ಹೊತ್ತು ಕೇಳಿಸಿತು. ಹೆದರಿದಾಗ ಹೀಗೆ ಏನಾದರೂ ಒಂದನ್ನು ತಿಕ್ಕುತ್ತ ಕೂರುವುದು ಅವನಿಗೆ ಸಣ್ಣಂದಿನ ಅಭ್ಯಾಸ. ನಾನು ಮಾಡಹೊರಟಿದ್ದು ಸರಿಯೆಂದು ನನಗೆ ಖಾತ್ರಿಯಿತ್ತು. ಆದರೂ ಆ ಸದ್ದು ಕೇಳುತ್ತ, ತಮ್ಮನ ಮನೆಗೆ ಬಂದು ಅವನ ಬುಡಕ್ಕೇ ಕೊಡಲಿ ಹಾಕುತ್ತಿದ್ದೇನೆ ಎನ್ನುವುದೂ ನಿಜವೆನಿಸಿತು. ಎರಡು ನಾಚಿಕೆಗಳ ನಡುವೆ ಯಾವುದು ಕಡಿಮೆ ಎಂದು ಆರಿಸಿಕೊಳ್ಳಬೇಕಿತ್ತು.

ಬುಧವಾರ, ಮತ್ತೆ ಕೆರೆ

ರೇಖಾ ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ ಕಾರು ತೆಗೆದಳು. ಅನಘಾಳಿಗೆ ಶಾಲೆಗೆ ರಜ, ಅವಳೂ ಬಂದಳು. ಮಾರ್ಗರೆಟ್ ಅವರ ಮನೆ ಗೊತ್ತಿರಲಿಲ್ಲ, ಕೆರೆಯ ಹತ್ತಿರ ರೇಂಜರನ್ನು ಕೇಳೋಣವೆಂದುಕೊಂಡಿದ್ದೆವು. ನಾನು ಸೀರೆ ಉಟ್ಟಿದ್ದೆ. ದಾರಿಯುದ್ದಕ್ಕೂ ಹೇಳಬೇಕಾದ ಇಂಗ್ಲಿಷ್ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡೆ.

ಮಾರ್ಗರೆಟ್ ಕೆರೆಗೆ ಮುಖ ಮಾಡಿದ ಬೆಂಚಿನ ಮೇಲೆ ಕೂತಿದ್ದರು. ಮೊಣಕೈವರೆಗೆ ಪ್ಲಾಸ್ಟರ್. ಪಕ್ಕದಲ್ಲಿ ನಡುವಯಸ್ಸಿನ ಮಗ, ಟೈ ಕಟ್ಟಿಕೊಂಡು, ಮತ್ತೆ ಮತ್ತೆ ಗಡಿಯಾರ ನೋಡುತ್ತ ಕೂತಿದ್ದ. ನಮ್ಮನ್ನು ಕಂಡು ಅವರು ಎದ್ದು ನಿಲ್ಲಲು ಹೋದರು. ನಾನು ಬೇಡವೆಂದು ಕೈ ಮಾಡಿ, ಎದುರಿಗೆ ನಿಂತೆ. ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು.

"ಮೇಡಂ," ಅಂದೆ. "ಹೀ ಡಿಡ್ ನಾಟ್ ಕಾಲ್. ಐ ನೋ ಇಂಗ್ಲಿಷ್. ಐ ಡಿಡ್ ನಾಟ್ ಟೆಲ್."

ಅವರು ಅರ್ಥವಾಗದವರಂತೆ ರೇಖಾಳ ಕಡೆ ನೋಡಿದರು. ರೇಖಾ ಬಿಡಿಸಿ ಹೇಳಲು ಬಾಯಿ ತೆರೆದಳು. ನಾನು ತಡೆದೆ. ಇನ್ನೊಬ್ಬರು ನನ್ನ ಪರವಾಗಿ ಹೇಳಿದ್ದು ಸಾಕಾಗಿತ್ತು. ತುಂಡು ತುಂಡಾಗಿ ನಾನೇ ಹೇಳಿದೆ. ಅವನು ನನ್ನೊಂದಿಗೆ ಮಾತಾಡುತ್ತಿದ್ದ. ನಿಮಗೆ ಕೇಳಿಸಿದ್ದು ನಮ್ಮ ಭಾಷೆ. ಕೂಗಲಿಲ್ಲ. ನಿಮ್ಮ ಕಿವಿ ಸರಿಯಾಗಿದೆ.

ಕಿವಿ ಎಂದಾಗ ಅವರ ಮುಖ ಬದಲಾಯಿತು. ನಾನು ಅಳುತ್ತಾರೆಂದುಕೊಂಡೆ. ಅವರಿಗೆ ಬಂದದ್ದು ಸಿಟ್ಟು.

"ಭಾನುವಾರದಿಂದ ನಾನು ರೇಡಿಯೋ ಸದ್ದು ಕಡಿಮೆ ಮಾಡಿ ಮಾಡಿ ಕೇಳುತ್ತಿದ್ದೇನೆ," ಅಂದರು. "ಎಲ್ಲಿಯವರೆಗೆ ಕೇಳಿಸುತ್ತದೆ ಎಂದು. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೆ, ಇದು ನಿಜವಾಗಿ ಕೇಳಿಸಿತೋ ಭ್ರಮೆಯೋ ಎಂದು ಎದ್ದು ಹೋಗಿ ನೋಡುತ್ತಿದ್ದೇನೆ." ಮಗನ ಕಡೆ ಗಲ್ಲ ತೋರಿಸಿದರು. "ಇವನು ನಾಳೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನಂತೆ. ಇನ್ನು ಮೇಲೆ ಒಬ್ಬಳೇ ಇಲ್ಲಿಗೆ ಬರಬಾರದಂತೆ. ಆಮೇಲೆ ಮನೆ ಮಾರಿ ಅವನಿರುವ ಕಡೆ ಬರಬೇಕಂತೆ. ಇವತ್ತು ಅದನ್ನೇ ಮಾತಾಡುತ್ತಿದ್ದೆವು."

ಮಗ, "ಅಮ್ಮ, ಈಗ ಅದೆಲ್ಲ ಯಾಕೆ?" ಅಂದ.

"ಯಾಕೆ ಎಂದರೆ, ಇವರು ಒಂದು ಮಾತು ಹೇಳಿದ್ದರೆ ಇದೊಂದೂ ಆಗುತ್ತಿರಲಿಲ್ಲ."

ಕೈ ಮುರಿದದ್ದಕ್ಕೆ ನಾವು ಕಾರಣ ಎಂದು ನಾನು ಅಂದುಕೊಂಡಿದ್ದೆ. ಅವರು ತಮ್ಮನ್ನು ತಾವೇ ನಂಬದಂತೆ ಮಾಡಿಬಿಟ್ಟಿದ್ದೆವೆಂದು ಹೊಳೆದೇ ಇರಲಿಲ್ಲ. ಈ ದಾರಿ ಅವರಿಗೆ ಎಷ್ಟು ಮುಖ್ಯವೆಂದೂ ತಿಳಿದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ದಿನವೂ ಇಲ್ಲಿ ನಡೆಯುತ್ತಾರಂತೆ. ರೇಂಜರ್ ಹೆಸರು ಹಿಡಿದು ಕರೆದದ್ದು ಅದಕ್ಕೇ.

"ಸಾರಿ," ಅಂದೆ. ಎಕ್ಸ್‌ಚೇಂಜಿನಲ್ಲಿ ಲೈನು ಸಿಗದಾಗಲೆಲ್ಲ ಹೇಳಿ ಸವೆದ ಪದ. ಬೇರೆ ಪದ ನನ್ನ ಹತ್ತಿರ ಇರಲಿಲ್ಲ. ಎರಡೂ ಕೈ ಜೋಡಿಸಿದೆ.

ಅವರು ಪರವಾಗಿಲ್ಲ ಎನ್ನಲಿಲ್ಲ. ಅಲ್ಲಿಯ ಜನ ಕಾಲು ತುಳಿದರೂ ಪರವಾಗಿಲ್ಲ ಎನ್ನುವವರು. ಅವರು ಅನ್ನಲಿಲ್ಲ. ಕೆರೆಯ ಕಡೆ ನೋಡುತ್ತ ಕೇಳಿದರು, "ನಿಮ್ಮ ತಮ್ಮ ಯಾಕೆ ಬರಲಿಲ್ಲ?"

"ಹೆದರಿಕೆ," ಎನ್ನುವುದಕ್ಕೆ ಇಂಗ್ಲಿಷ್ ಪದ ಥಟ್ಟನೆ ಹೊಳೆಯಿತು. "ಫಿಯರ್," ಅಂದೆ. "ವೀಸಾ. ಪೊಲೀಸ್."

"ನಾನು ಯಾರ ಮೇಲೂ ಕೇಸು ಹಾಕುವುದಿಲ್ಲ. ಆದರೆ ರೇಂಜರಿಗೆ ನೀವೇ ಹೋಗಿ ಹೇಳಬೇಕು. ನಾನು ಹೇಳುವುದಿಲ್ಲ," ಅಂದರು. ಆಮೇಲೆ ಮಗನಿಗೆ, "ನೀನು ಇನ್ನು ಕೆಲಸಕ್ಕೆ ಹೋಗು. ನಾನು ಸುತ್ತು ಮುಗಿಸಿಕೊಂಡು ಬಸ್ಸಿನಲ್ಲಿ ಬರುತ್ತೇನೆ," ಎಂದು ಹೇಳಿ ಎದ್ದರು. ಪ್ಲಾಸ್ಟರ್ ಕೈಯನ್ನು ಎದೆಗೆ ಒತ್ತಿಕೊಂಡು, ದಾರಿಯ ಬಲ ಅಂಚು ಹಿಡಿದು ನಡೆದರು. ಮಗ ಒಂದೆರಡು ಹೆಜ್ಜೆ ಅವರ ಹಿಂದೆ ಹೋದವನು, ನಿಂತುಬಿಟ್ಟ.

ರೇಂಜರ್ ಗುಡಿಸಲಿನಂಥ ಕಚೇರಿಯಲ್ಲಿದ್ದರು. ಅವರಿಗೂ ಅದೇ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. "ನಿಮ್ಮ ತಮ್ಮನಿಗೆ ಬಂದು ನನ್ನನ್ನು ಕಾಣಲು ಹೇಳಿ," ಅಂದರು. ಹೊರಗೆ ಬಂದಾಗ ಅನಘಾ ನನ್ನ ಕೈ ಹಿಡಿಯಲಿಲ್ಲ, ಆದರೆ ಸೆರಗಿನ ತುದಿ ಹಿಡಿದುಕೊಂಡು ಕಾರಿನವರೆಗೂ ಬಂದಳು.

ವಿಮಾನ ನಿಲ್ದಾಣ

ಲೋಕೇಶ ಆಮೇಲೆ ನನ್ನೊಂದಿಗೆ ಬೇಕಾದಷ್ಟು ಮಾತ್ರ ಮಾತಾಡಿದ. ಊಟಕ್ಕೆ ಕರೆಯುತ್ತಿದ್ದ, ಮಂಡ್ಯಕ್ಕೆ ಫೋನು ಹಚ್ಚಿ ಕೊಡುತ್ತಿದ್ದ, ಅಷ್ಟೇ. ನನಗೂ ಅವನೆದುರು ಕೂರಲು ಮುಜುಗರವಾಗಿ ಅಡುಗೆಮನೆಯಲ್ಲೇ ಕಾಲ ಹಾಕಿದೆ. ಆ ಶನಿವಾರ ಬೆಳಿಗ್ಗೆ ಅವನು ಸೈಕಲ್ ಕಟ್ಟದೆ ಕಾರು ತೆಗೆದುಕೊಂಡು ಹೋದ. ಮಧ್ಯಾಹ್ನ ಬಂದಾಗ ಬೂಟಿನ ಮೇಲೆ ಆ ದಾರಿಯ ಬಿಳಿ ಧೂಳು ಇತ್ತು. ಎಲ್ಲಿಗೆ ಹೋಗಿದ್ದೆ ಎಂದು ನಾನು ಕೇಳಲಿಲ್ಲ. ರೇಂಜರ್ ದಂಡದ ಚೀಟಿ ಕೊಟ್ಟು, ಸ್ವಲ್ಪ ಬುದ್ಧಿ ಹೇಳಿ ಕಳಿಸಿದರೆಂದು, ಗ್ರೀನ್ ಕಾರ್ಡಿಗೂ ಅದಕ್ಕೂ ಸಂಬಂಧವೇ ಇಲ್ಲವೆಂದು ರೇಖಾ ಆಮೇಲೆ ಪಿಸುಗುಟ್ಟಿದಳು. ಮಾರ್ಗರೆಟ್ ಅವರನ್ನೂ ಕಂಡನಂತೆ. ಅವರಿಬ್ಬರೂ ಏನು ಮಾತಾಡಿಕೊಂಡರೋ ಅವಳಿಗೂ ಹೇಳಲಿಲ್ಲವಂತೆ.

ಹೊರಡುವ ದಿನ ಅವನೊಬ್ಬನೇ ನನ್ನನ್ನು ವಿಮಾನಕ್ಕೆ ಬಿಡಲು ಬಂದ. ಆ ಕಾಲದಲ್ಲಿ ಬೀಳ್ಕೊಡುವವರನ್ನು ಒಳಗೆ, ವಿಮಾನದ ಬಾಗಿಲಿನವರೆಗೂ ಬಿಡುತ್ತಿದ್ದರು. ಇಬ್ಬರೂ ಪಕ್ಕಪಕ್ಕ ಕುರ್ಚಿಯಲ್ಲಿ ಕೂತೆವು. ಅವನು ನನ್ನ ಬ್ಯಾಗಿನ ಪಟ್ಟಿಯನ್ನು ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದ. ನನ್ನ ವಿಮಾನಕ್ಕೆ ಕರೆ ಬಂತು. ಸಾಲು ಎದ್ದಿತು.

"ಅಕ್ಕ," ಅಂದ, ಪಟ್ಟಿಯನ್ನೇ ನೋಡುತ್ತ. "ಆವತ್ತು ನೀನು ಹೇಳಿದ್ದು ನನಗೆ ಸರಿಯಾಗೇ ಕೇಳಿಸಿತ್ತು."

"ಗೊತ್ತು ಕಣೋ," ಅಂದೆ. "ನೀನು ಅವರಿಗೆ ಹೇಳಿದ್ದೂ ನನಗೆ ಸರಿಯಾಗೇ ಅರ್ಥವಾಗಿತ್ತು."

ಅವನು ತಲೆಯಾಡಿಸಿದ. ಬ್ಯಾಗು ಎತ್ತಿ ನನ್ನ ಹೆಗಲಿಗೆ ಹಾಕಿದ. ಸಾಲಿನಲ್ಲಿ ನನ್ನ ಸರದಿ ಬರುವವರೆಗೂ ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದೆವು.